ಕಾಕನ ಚೇಣಿ, ಮುಂಬೈಯ ಟಾರ್ಗೆಟ್ಟು

ಬದಿಯಡ್ಕದ ಆಚೆ ನಮ್ಮ ಅಡಿಕೆ ತೋಟಕ್ಕೆ ಚೇಣಿ, ಅಂದರೆ ಮರದ ಮೇಲಿನ ಫಸಲಿನ ಗುತ್ತಿಗೆ, ವಹಿಸಲು ಒಬ್ಬರು ಕಾಕ ಬರುತ್ತಾರೆ. ತೋಟಕ್ಕೆ ಒಂದು ಸುತ್ತು ಹಾಕಿ, ಕತ್ತೆತ್ತಿ ಗೊನೆ ನೋಡಿ, ಒಂದು ಮೊತ್ತ ಹೇಳುತ್ತಾರೆ. ಹೇಳಿದ ಮೇಲೆ ಮುಂಗಡ ಎಣಿಸುತ್ತಾರೆ. ಆಮೇಲೆ ಮಹಾಳಿ ರೋಗ ಬಂದು ಕಾಯಿ ಉದುರಿದರೂ, ಧಾರಣೆ ಬಿದ್ದರೂ ನಷ್ಟ ಅವರದ್ದೇ. ಹಾಗಾಗಿ ಬಾಯಿ ಬಿಡುವ ಮೊದಲು ಇನ್ನೊಂದು ಸುತ್ತು ಹೋಗಿ ಬರುತ್ತಾರೆ.

ಮುಂಬೈಯಲ್ಲಿ ಕೂತ ಷೇರು ವಿಶ್ಲೇಷಕರಿಗೆ ಈ ತಾಪತ್ರಯ ಇಲ್ಲ.

ಕಳೆದ ವರ್ಷ ಚೇಣಿಯ ದುಡ್ಡಲ್ಲಿ ನಾನೊಂದು ಯಂತ್ರ ತಯಾರಿಸುವ ಕಂಪೆನಿಯ ಷೇರು ತೆಗೆದೆ. ಎಂತ ಯಂತ್ರ ಅಂತ ಕೇಳಬೇಡಿ, ದೊಡ್ಡದೇನೋ ತಿರುಗುತ್ತದೆ. ಅದರ ಟಾರ್ಗೆಟ್, ಅಂದರೆ ಷೇರು ಮುಂದೆ ಮುಟ್ಟುವ ಬೆಲೆ, 1,847 ರೂಪಾಯಿ ಎಂದು ಆ ವಿಶ್ಲೇಷಕರು ಹೇಳಿದ್ದರು. 1,850 ಅಲ್ಲ ಮಾರಾಯ್ರೆ, 1,847! ಆ ಚಿಲ್ಲರೆಗೇ ನಾನು ಬಿದ್ದದ್ದು. ಸುಳ್ಳು ಹೇಳುವವನು ಇಡಿಗಂಟು ಹೇಳುತ್ತಾನೆ. ಚಿಲ್ಲರೆ ಸಮೇತ ಹೇಳಬೇಕಾದರೆ ಕಣ್ಣಾರೆ ಕಂಡಿರಬೇಕಲ್ಲ?

ಆ ಚಿಲ್ಲರೆ ಹುಟ್ಟುವ ಕ್ರಮ ಆಮೇಲೆ ಗೊತ್ತಾಯಿತು. ಎರಡು ವರ್ಷ ಬಿಟ್ಟು ಷೇರೊಂದಕ್ಕೆ 41 ರೂಪಾಯಿ 4 ಪೈಸೆ ಲಾಭ ಬರುತ್ತದೆ ಅಂತ ಅಂದಾಜು. (ಪೈಸೆ ಗಮನಿಸಿ. ನಾಳಿನ ಮಳೆಯೇ ಗೊತ್ತಿಲ್ಲದೆ ನಾವು ಅಂಗಳದಲ್ಲಿ ಅಡಿಕೆ ಹರಡಿ ಆಕಾಶ ನೋಡುತ್ತೇವೆ.) ಪೇಟೆ ಆ ಲಾಭದ 30 ಪಟ್ಟು ಬೆಲೆ ಕೊಡುತ್ತದೆ ಅಂತ ಹಿಡಿದು 30ರಿಂದ ಗುಣಿಸಿದರೆ 1,231. ಆದರೆ ಪೇಟೆಯಲ್ಲಿ ಷೇರು ಆಗಲೇ 1,500 ದಾಟಿತ್ತು. ಗುಣಕವನ್ನು 45 ಮಾಡಿದರು, 1,847 ಬಂತು. ಕಾರ್ಖಾನೆಗೆ ಒಂದು ನಟ್ಟೂ ಹೆಚ್ಚು ಬಂದಿರಲಿಲ್ಲ. ಇದಕ್ಕೆ ಅವರಲ್ಲಿ ‘ರೀ-ರೇಟಿಂಗ್’ ಎನ್ನುತ್ತಾರೆ. ನಮ್ಮ ಪೇಟೆಯಲ್ಲಿ ತಕ್ಕಡಿಗೆ ಬೆರಳು ಕೊಡುವುದು ಅಂತ ಹೆಸರು.

ಮುಂದೆ ಷೇರು 1,300ಕ್ಕೆ ಇಳಿಯಿತು. ದನದ ಹಿಂದೆ ಕರು ಹೋದ ಹಾಗೆ ಟಾರ್ಗೆಟ್ಟೂ 1,420ಕ್ಕೆ ಇಳಿಯಿತು. ಇಳಿಯದ್ದು ಒಂದೇ, ‘ಬೈ’, ಅಂದರೆ ಕೊಳ್ಳಿ, ಎಂಬ ಉಪದೇಶ. ತೆಗೆದುಕೊಳ್ಳಿ, ಕೂಡಿಡಿ, ಇಟ್ಟುಕೊಳ್ಳಿ ಎಂದೆಲ್ಲ ಹೇಳುವ ಆ ಬಾಯಿಗಳಿಗೆ ‘ಮಾರಿ’ ಎನ್ನಲು ಮಾತ್ರ ಮಹಾ ಸಂಕೋಚ. ಅಮೆರಿಕದ ಇಂಧನ ಕಂಪೆನಿ ಎನ್ರಾನ್ 2001ರ ಡಿಸೆಂಬರ್ 2ರಂದು ದಿವಾಳಿ ಅರ್ಜಿ ಹಾಕಿತು. ಅದಕ್ಕೆ ಕೆಲವೇ ವಾರ ಮೊದಲಿನವರೆಗೂ ಹೆಚ್ಚಿನ ವಿಶ್ಲೇಷಕರು ‘ತೆಗೆದುಕೊಳ್ಳಿ’ ಎನ್ನುತ್ತಲೇ ಇದ್ದರು. ನಮ್ಮಲ್ಲಿ ಷೇರು ಪೇಟೆಯ ನಿಯಂತ್ರಕ ಸೆಬಿ 2014ರಲ್ಲಿ ನಿಯಮ ತಂದಿದೆ, ಕಂಪೆನಿಯಲ್ಲಿ ತನ್ನ ಹಿತಾಸಕ್ತಿ ಏನಾದರೂ ಉಂಟೋ ಎಂದು ವಿಶ್ಲೇಷಕ ಹೇಳಲೇಬೇಕು. ಹೇಳುತ್ತಾರೆ. ಕೊನೆಯ ಪುಟದಲ್ಲಿ, ಇರುವೆ ಸಾಲು ಹೋದ ಹಾಗೆ ಕಾಣುವ ಅಕ್ಷರದಲ್ಲಿ.

ಮೊನ್ನೆ ಕಾಕ ಬಂದಾಗ ಮೊಬೈಲು ತೋರಿಸಿ ಇಷ್ಟೂ ಪುರಾಣ ಹೇಳಿದೆ. ಅವರಿಗೆ ಒಂದೇ ಸಂಶಯ.

“ಈ 1,847 ಹೇಳಿದವರು ಮುಂಗಡ ಎಷ್ಟು ಕೊಟ್ಟಿದ್ದಾರೆ ಭಟ್ರೇ?”

“ಅವರು ಕೊಡಲಿಲ್ಲ ಕಾಕ, ಕೊಟ್ಟದ್ದು ನಾನು.”

ಕಾಕ ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು. ಆಮೇಲೆ ಈ ಸಲದ ಚೇಣಿಗೆ ಹತ್ತು ಸಾವಿರ ಕಡಿಮೆ ಹೇಳಿದರು.