ತಡವಾಗಿ ಬಂದ ಪದಕ: ಐವತ್ತು ವರ್ಷದ ಮೇಲೆ ಶೌರ್ಯವನ್ನು ಮತ್ತೆ ತೂಗಬಹುದೆ?

ಎರಡನೇ ಮಹಾಯುದ್ಧದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಕಪ್ಪುವರ್ಣೀಯ ಅಮೆರಿಕನ್ನರು ಸೇವೆ ಸಲ್ಲಿಸಿದರು. ಆ ಯುದ್ಧಕ್ಕಾಗಿ ನಾನೂರಕ್ಕೂ ಹೆಚ್ಚು ಮಂದಿಗೆ ದೇಶದ ಅತ್ಯುನ್ನತ ಶೌರ್ಯ ಪದಕ ಮೆಡಲ್ ಆಫ್ ಆನರ್ ಸಿಕ್ಕಿತು. 1997ರವರೆಗೆ ಆ ಪಟ್ಟಿಯಲ್ಲಿ ಕಪ್ಪುವರ್ಣೀಯರು ಒಬ್ಬರೂ ಇರಲಿಲ್ಲ. 1990ರ ದಶಕದಲ್ಲಿ ಹಳೆಯ ಕಡತ ತೆರೆದು ಪದಕದ ದರ್ಜೆ ಏರಿಸುವ ಕೆಲಸ ಶುರುವಾಯಿತು. ಅದು ಸರಿಯೆ?

ಪರ

ವರ್ನನ್ ಬೇಕರ್ ಅವರಿಂದಲೇ ಶುರು ಮಾಡೋಣ. 1945ರ ಏಪ್ರಿಲ್ 5, ಇಟಲಿಯ ವಿಯಾರೆಜಿಯೊ ಹತ್ತಿರದ ಬೆಟ್ಟ. ಲೆಫ್ಟಿನೆಂಟ್ ಬೇಕರ್ 370ನೇ ರೆಜಿಮೆಂಟಿನ ಸುಮಾರು 25 ಜನರೊಂದಿಗೆ ಅಘಿನೋಲ್ಫಿ ಕೋಟೆಯತ್ತ ಹತ್ತಿ, ಜರ್ಮನ್ನರ ವೀಕ್ಷಣಾ ನೆಲೆಯನ್ನೂ ಮೆಷಿನ್ ಗನ್ ಗೂಡುಗಳನ್ನೂ ಮುರಿದರು. ಬೇಕಿದ್ದ ಹೆಚ್ಚುವರಿ ಪಡೆ ಬರಲೇ ಇಲ್ಲ. ಗಾಯಾಳುಗಳು ಇಳಿದುಹೋಗಲೆಂದು ಅವರು ಹಿಂದೆ ನಿಂತು ಗುಂಡು ಹಾರಿಸಿದರು. ಮರುರಾತ್ರಿ ನೆಲಬಾಂಬುಗಳ ನಡುವೆ ಬೆಟಾಲಿಯನ್ನಿನ ಮುಂದೆ ನಡೆದರು. ಇಷ್ಟಕ್ಕೆ ಅಂದು ಸಿಕ್ಕಿದ್ದು ಎರಡನೇ ದರ್ಜೆಯ ಡಿಸ್ಟಿಂಗ್ವಿಶ್ಡ್ ಸರ್ವಿಸ್ ಕ್ರಾಸ್.

1993ರಲ್ಲಿ ಭೂಸೇನೆಯೇ ಉತ್ತರ ಕೆರೊಲಿನಾದ ಶಾ ವಿಶ್ವವಿದ್ಯಾಲಯದ ತಂಡಕ್ಕೆ ಈ ಅಂತರದ ಕಾರಣ ಹುಡುಕಲು ಹೇಳಿತು. ತಂಡ ಹತ್ತು ಹೆಸರು ಕೊಟ್ಟಿತು, ಸೇನೆಯ ಮಂಡಳಿ ಏಳನ್ನು ಆರಿಸಿತು, ಸಂಸತ್ತು ಕಾಲಮಿತಿ ಸಡಿಲಿಸಿತು. 1997ರ ಜನವರಿ 13ರಂದು ಕ್ಲಿಂಟನ್ ಪದಕ ಕೊಟ್ಟಾಗ ಏಳರಲ್ಲಿ ಬದುಕಿದ್ದವರು 77 ವರ್ಷದ ಬೇಕರ್ ಒಬ್ಬರೇ. ಇದನ್ನು ದಯೆ ಎನ್ನಲಾಗದು. ಇಲ್ಲಿ ಕೃತ್ಯ ಅದೇ, ಬದಲಾಗಿದ್ದು ಅಳತೆಗೋಲು. ಅಂದಿನ ಅಳತೆಗೋಲು ವಕ್ರವಾಗಿತ್ತು.

ಐವತ್ತು ವರ್ಷದ ಮೇಲೆ ಕೈಹಾಕಬಾರದು ಎನ್ನುವವರು 1917ನ್ನು ಮರೆಯುತ್ತಾರೆ. ಆ ವರ್ಷ ಜನರಲ್ ನೆಲ್ಸನ್ ಮೈಲ್ಸ್ ಅವರ ಮಂಡಳಿ 911 ಹಳೆಯ ಪದಕಗಳನ್ನು ಪಟ್ಟಿಯಿಂದ ಅಳಿಸಿತು. ಅದರಲ್ಲಿ 864 ಒಂದೇ ರೆಜಿಮೆಂಟಿನವು. 1863ರಲ್ಲಿ, ಅಮೆರಿಕದ ಅಂತರ್ಯುದ್ಧದ ನಡುವೆ, ವಾಷಿಂಗ್ಟನ್ನಿನ ಕಾವಲಿಗೆ ಇನ್ನಷ್ಟು ದಿನ ಉಳಿಯಿರಿ ಎಂದಾಗ 27ನೇ ಮೇಯ್ನ್ ರೆಜಿಮೆಂಟಿನ ಸುಮಾರು 300 ಜನ ಉಳಿದರು, ಪದಕ ಮಾತ್ರ ಎಲ್ಲರ ಹೆಸರಿಗೂ ಬಂತು. ಅದನ್ನು ತೆಗೆದದ್ದು ಸರಿಯೇ. ಆದರೆ ಅದೇ ಕತ್ತರಿ ಮೇರಿ ವಾಕರ್ ಹೆಸರನ್ನೂ ಕತ್ತರಿಸಿತು. ಅವರು ಅಂತರ್ಯುದ್ಧದಲ್ಲಿ ಶಸ್ತ್ರವೈದ್ಯೆ, ನಾಲ್ಕು ತಿಂಗಳು ಶತ್ರುವಿನ ಸೆರೆಯಲ್ಲಿದ್ದವರು. ನಾಗರಿಕಳು ಎಂಬುದಷ್ಟೇ ಕಾರಣ. 1977ರಲ್ಲಿ ಪದಕ ಮರಳಿತು. ಅವರು ತೀರಿಕೊಂಡು 58 ವರ್ಷವಾಗಿತ್ತು. ಅರ್ಧ ಶತಮಾನದ ಮೇಲೆ ಕಿತ್ತುಕೊಳ್ಳಬಹುದಾದರೆ, ಕೊಡಲೂಬಹುದು.

ದಾರಿ ಸುಲಭವೇನಲ್ಲ. ಶಿಫಾರಸು 3 ವರ್ಷದೊಳಗೆ, ಪದಕ 5 ವರ್ಷದೊಳಗೆ ಎಂಬುದು ಈಗಿನ ನಿಯಮ. ಅವಧಿ ಮೀರಿದ ಅರ್ಜಿ ಸಂಸದರ ಮೂಲಕವೇ ಹೋಗಬೇಕು. ಪ್ರತ್ಯಕ್ಷದರ್ಶಿಗಳ ಹೇಳಿಕೆ, ಕಾಳಗದ ವರದಿ, ನಕ್ಷೆ ಜೊತೆಗಿರಬೇಕು. ಸೇನೆ ಒಪ್ಪಿದ ಮೇಲೂ ಸಂಸತ್ತು ಪ್ರತ್ಯೇಕ ಕಾನೂನು ಮಾಡಿ ಕಾಲಮಿತಿ ತೆಗೆಯಬೇಕು. ಇಷ್ಟು ಜರಡಿ ದಾಟಿ ಬಂದ ಹೆಸರನ್ನು ಅನುಮಾನಿಸಲು ಕಾರಣವಿಲ್ಲ.

ವಿರೋಧ

ಬೇಕರ್ ಧೈರ್ಯವನ್ನು ಇಲ್ಲಿ ಯಾರೂ ಪ್ರಶ್ನಿಸುತ್ತಿಲ್ಲ. ಪ್ರಶ್ನೆ ಇರುವುದು ಆ ಜರಡಿಯ ಬಗ್ಗೆಯೇ.

1990ರ ದಶಕದ ಪರಿಶೀಲನೆಗಳು ಮುಖ್ಯವಾಗಿ ನೋಡಿದ್ದು ಆಗಲೇ ಎರಡನೇ ದರ್ಜೆಯ ಪದಕ ಪಡೆದವರ ಕಡತಗಳನ್ನು. 2000ದ ಜೂನ್‌ನಲ್ಲಿ 22 ಏಷ್ಯನ್ ಮೂಲದ ಸೈನಿಕರ ಪದಕ ಏರಿದ್ದೂ ಬಹುಪಾಲು ಹೀಗೆಯೇ. 1945ರಲ್ಲಿ ಇಟಲಿಯಲ್ಲಿ ಬಲಗೈ ಕಳೆದುಕೊಂಡ ಸೆನೆಟರ್ ಡೇನಿಯಲ್ ಇನೊಯೆ ಅವರಲ್ಲೊಬ್ಬರು. ಹಾಗಾದರೆ ಮೇಲಧಿಕಾರಿ ಒಂದು ಸಾಲನ್ನೂ ಬರೆಯದ ಸೈನಿಕನ ಗತಿ? ಅತಿ ಹೆಚ್ಚು ಅನ್ಯಾಯವಾದದ್ದು ಅವನಿಗೆ. ಅವನ ಹೆಸರು ಜರಡಿಯ ಹತ್ತಿರಕ್ಕೂ ಬರುವುದಿಲ್ಲ. ಅರ್ಧ ಮನ್ನಣೆ ಸಿಕ್ಕವರಿಗೆ ಪೂರ್ತಿ ಕೊಟ್ಟು ಲೆಕ್ಕ ಚುಕ್ತಾ ಎಂದರೆ, ಉಳಿದವರನ್ನು ಎರಡನೇ ಸಲ ಮರೆತಂತೆ.

ಕಾಗದವೂ ಉಳಿದಿಲ್ಲ. 1973ರ ಜುಲೈ 12ರಂದು ಸೇಂಟ್ ಲೂಯಿಸ್ ಸಮೀಪದ ದಾಖಲೆ ಕೇಂದ್ರಕ್ಕೆ ಬೆಂಕಿ ಬಿದ್ದು 1.6ರಿಂದ 1.8 ಕೋಟಿ ಕಡತ ನಾಶವಾದವು. 1912ರಿಂದ 1960ರ ನಡುವೆ ಭೂಸೇನೆಯಿಂದ ಬಿಡುಗಡೆಯಾದವರ ಕಡತಗಳಲ್ಲಿ ಸುಮಾರು ಶೇ 80 ಹೋದವು. ಬದಲಿಗೆ ಸಿಗುವುದು ಕಂಪನಿಗಳ ದಿನಚರಿ, ಅಂದರೆ ಮಾರ್ನಿಂಗ್ ರಿಪೋರ್ಟ್. ಯಾರು ಸತ್ತರು, ಯಾರು ಆಸ್ಪತ್ರೆಗೆ ಹೋದರು ಎಂದು ಅದರಲ್ಲಿರುತ್ತದೆ. ಸೇವೆಯನ್ನು ಸಾಬೀತುಪಡಿಸಲು ಅಷ್ಟು ಸಾಕು. ಯಾರು ಹೇಗೆ ಕಾದಿದರು ಎಂದು ಹೇಳಲು ಸಾಲದು.

1917ರ ಉದಾಹರಣೆಯೂ ಇಲ್ಲಿಗೆ ಒಗ್ಗುವುದಿಲ್ಲ. ಮೈಲ್ಸ್ ಮಂಡಳಿ ನೋಡಿದ್ದು ನಿಯಮಕ್ಕೆ ಒಳಪಡುತ್ತದೆಯೆ ಎಂದು ಮಾತ್ರ. 864 ಜನರ ಎದೆಗಾರಿಕೆಯನ್ನು ತೂಗಬೇಕಾಗಿರಲಿಲ್ಲ. ದರ್ಜೆ ಏರಿಸುವಾಗ ತೂಗಲೇಬೇಕು, ಸಾಕ್ಷಿಗಳು ಸತ್ತ ಮೇಲೆ. ಮೊದಲ ಮಹಾಯುದ್ಧದ ಕಪ್ಪುವರ್ಣೀಯ ಸೈನಿಕ ಹೆನ್ರಿ ಜಾನ್ಸನ್ ಅವರನ್ನೇ ನೋಡಿ. 1918ರ ಮೇನಲ್ಲಿ ಒಂದು ರಾತ್ರಿ ಫ್ರಾನ್ಸಿನಲ್ಲಿ ಜರ್ಮನ್ ದಾಳಿ ತಂಡದೊಂದಿಗೆ ಚಾಕು ಹಿಡಿದು ಕಾದಿ, ಸಂಗಡಿಗ ನೀಡಮ್ ರಾಬರ್ಟ್ಸ್ ಸೆರೆಯಾಗದಂತೆ ಕಾಪಾಡಿದವರು. ಫ್ರಾನ್ಸ್ ಅಂದೇ ಗೌರವಿಸಿತು. ಅವರು 1929ರಲ್ಲಿ ತೀರಿಕೊಂಡರು. ಅಮೆರಿಕ 1996ರಲ್ಲಿ ಗಾಯಾಳು ಸೈನಿಕರಿಗೆ ಕೊಡುವ ಪರ್ಪಲ್ ಹಾರ್ಟ್, 2002ರಲ್ಲಿ ಸರ್ವಿಸ್ ಕ್ರಾಸ್, 2015ರಲ್ಲಿ ಮೆಡಲ್ ಆಫ್ ಆನರ್ ಕೊಟ್ಟಿತು. ಆಗ ಫ್ರಾನ್ಸಿನಲ್ಲಿದ್ದ ಅಮೆರಿಕನ್ ಪಡೆಗಳ ಮುಖ್ಯಸ್ಥ ಜನರಲ್ ಪರ್ಶಿಂಗ್ ಅವರ 1918ರ ಪ್ರಕಟಣೆಯೊಂದು ಕೈಗೆ ಸಿಕ್ಕದ್ದರಿಂದ ಕೊನೆಯ ಅರ್ಜಿಗೆ ಬಲ ಬಂತು. ಆ ಹಾಳೆ ಕಳೆದುಹೋಗಿದ್ದರೆ? ಪದಕ ಸ್ವೀಕರಿಸಲು ರಕ್ತಸಂಬಂಧಿಗಳೂ ಸಿಗದೆ, ನ್ಯೂಯಾರ್ಕ್ ನ್ಯಾಷನಲ್ ಗಾರ್ಡಿನ ಸಾರ್ಜೆಂಟ್ ಮೇಜರ್ ಒಬ್ಬರು ಬಂದು ಪಡೆದರು.

ಗೌರವಕ್ಕೆ ಬೇರೆ ದಾರಿಗಳಿವೆ. ಪರ್ಲ್ ಹಾರ್ಬರ್ ದಾಳಿಯ ದಿನ ವೆಸ್ಟ್ ವರ್ಜೀನಿಯಾ ಹಡಗಿನ ಅಡುಗೆ ವಿಭಾಗದ ಕಪ್ಪುವರ್ಣೀಯ ಸಹಾಯಕ ಡೋರಿಸ್ ಮಿಲ್ಲರ್ ತರಬೇತಿಯೇ ಇಲ್ಲದ ಮೆಷಿನ್ ಗನ್ ಹಿಡಿದು ವಿಮಾನಗಳತ್ತ ಗುಂಡು ಹಾರಿಸಿದರು. ಅವರಿಗೆ ಸಿಕ್ಕ ನೌಕಾಪಡೆಯ ಎರಡನೇ ದರ್ಜೆಯ ಪದಕ ನೇವಿ ಕ್ರಾಸ್ ಇಂದಿಗೂ ಮೇಲೇರಿಲ್ಲ. ಆದರೆ ಒಂದು ವಿಮಾನವಾಹಕ ನೌಕೆಗೆ ಅವರ ಹೆಸರಿಡುವುದಾಗಿ 2020ರ ಜನವರಿಯಲ್ಲಿ ನೌಕಾಪಡೆ ಪ್ರಕಟಿಸಿತು. ಅದರ ಜೊತೆಗೆ ಬೇಕರ್ ಇದ್ದ 92ನೇ ಡಿವಿಷನ್ನಿನ ಉಳಿದ ದಿನಚರಿಗಳನ್ನೆಲ್ಲ ಹೆಸರು ಹಿಡಿದು ಹುಡುಕುವಂತೆ ಸಿದ್ಧಪಡಿಸಲಿ. ಆಗ ಬೇಕರ್ ಜೊತೆ ಆ ಬೆಟ್ಟ ಹತ್ತಿ ಹಿಂತಿರುಗದವರ ಹೆಸರುಗಳೂ ಓದಲು ಸಿಗುತ್ತವೆ.