ಪವಾಡವಂತೆ, ಪವಾಡ!

ನನಗೂ ಬೀದಿನಾಯಿಗೂ ಆಗಿಬರಲ್ಲ ಅಂತ ನಿಮಗೆಲ್ಲ ಗೊತ್ತೇ ಇದೆ. ಕಚ್ಚಿಸಿಕೊಂಡು ಐದು ಇಂಜೆಕ್ಷನ್ ತಗೊಂಡ ಕಥೆ ಇಲ್ಲೇ ಬರೆದಿದ್ದೆ. ಅಂಥ ನಾನು ಇವತ್ತು ಬೆಳಿಗ್ಗೆ ಹಾಲು ತರಲು ಹೋಗಿ, ನಾಯಿ ಪರವಾಗಿ ಜಗಳ ಆಡಿಕೊಂಡು ಬಂದೆ.

ಮಂಡ್ಯದ ನಮ್ಮ ಬೀದಿಯ ಕೆಂಚಿ ಒಂದು ಬೆಕ್ಕಿನ ಮರಿಗೆ ಹಾಲು ಕುಡಿಸುತ್ತಿದ್ದಾಳೆ. ಬಾಗಿಲು ಹಾಕಿದ ಜೆರಾಕ್ಸ್ ಅಂಗಡಿ ಮೆಟ್ಟಿಲ ಮೇಲೆ. ಮರಿ ಮುಂಗಾಲಲ್ಲಿ ಹೊಟ್ಟೆ ಒತ್ತಿ ಒತ್ತಿ ಕುಡಿಯುತ್ತೆ, ಇವಳು ಅದರ ತಲೆ ನೆಕ್ಕುತ್ತಾಳೆ. ನೋಡೋಕೆ ಚೆಂದವೇ, ಸುಳ್ಳು ಯಾಕೆ ಹೇಳಲಿ. ಸುತ್ತ ಏಳೆಂಟು ಮೊಬೈಲು. 'ಜಾತಿ ನೋಡದ ತಾಯಿ ಪ್ರೀತಿ, ಪವಾಡ' ಅಂತ ಒಬ್ಬರ ಕಾಮೆಂಟರಿ ಬೇರೆ.

ಪವಾಡ! ಕೆಂಚಿ ಹಾಕಿದ್ದ ನಾಲ್ಕು ಮರಿ ಎಲ್ಲಿ ಸ್ವಾಮಿ? ಹೋದ ವಾರ ಚೀಲಕ್ಕೆ ತುಂಬಿ ವಿ.ಸಿ. ನಾಲೆ ಕಡೆ ಸ್ಕೂಟರಲ್ಲಿ ಸಾಗಿಸಿದ್ದು ಇದೇ ಬೀದಿಯವರಲ್ವಾ? ಮರಿ ಹೋದ ತಕ್ಷಣ ಹಾಲು ನಿಲ್ಲಲ್ಲ. ಮೊಲೆ ಬಿಗಿದು ನೋಯುತ್ತೆ. ಕರು ಸತ್ತಾಗ ನಮ್ಮಜ್ಜಿ ಅದರ ಚರ್ಮಕ್ಕೆ ಹುಲ್ಲು ತುಂಬಿಸಿ ಹಸು ಮುಂದೆ ನಿಲ್ಲಿಸುತ್ತಿದ್ದರು. ಹಸು ಅದನ್ನೇ ನೆಕ್ಕಿ ಹಾಲು ಇಳಿಸುತ್ತಿತ್ತು. ಹಾಲು ಹುಟ್ಟಿಸೋ ಪ್ರೊಲ್ಯಾಕ್ಟಿನ್, ಹಾಲು ಇಳಿಸೋ ಆಕ್ಸಿಟೋಸಿನ್ ಅನ್ನೋ ಹಾರ್ಮೋನುಗಳ ಹೆಸರು ಅಜ್ಜಿಗೆ ಗೊತ್ತಿರಲಿಲ್ಲ, ಅಷ್ಟೇ.

ಎದುರುಮನೆ ಮೇಷ್ಟ್ರು ಬಿಡಲಿಲ್ಲ. 'ಗಿರ್ ಕಾಡಲ್ಲಿ 2018ರಲ್ಲಿ ಸಿಂಹಿಣಿ ಚಿರತೆ ಮರಿಗೆ ಹಾಲು ಕುಡಿಸಿತಲ್ಲ, ಅದರ ಮರಿಗಳನ್ನ ಯಾರು ಚೀಲಕ್ಕೆ ತುಂಬಿದ್ರು?' ಸರಿ, ಒಪ್ಪಿದೆ. ಅದಕ್ಕೆ ತನ್ನವೇ ಎರಡು ಮರಿ ಇದ್ದವು. ಆದರೂ ಸುಮಾರು ಒಂದೂವರೆ ತಿಂಗಳು ಚಿರತೆ ಮರಿಯನ್ನೂ ಜೊತೆಗಿಟ್ಟುಕೊಂಡಿತ್ತು. ಹುಟ್ಟಿನಿಂದಲೇ ಇದ್ದ ಹರ್ನಿಯಾದಿಂದ ಪಾಪ ಆ ಮರಿ ಸತ್ತಿತು. ಆದರೆ ಮೇಷ್ಟ್ರೇ, ಅಲ್ಲಿ ಯಾರೂ ವಿಡಿಯೋ ಚೆನ್ನಾಗಿ ಬರಲಿ ಅಂತ ಮರಿಯನ್ನ ಎತ್ತಿ ಬಿಸಿಲಿಗೆ ತಿರುಗಿಸಿ ಇಡಲಿಲ್ಲ. ಇಲ್ಲಿ ಒಬ್ಬ ಇಟ್ಟ. ಕೆಂಚಿ ಗುರ್ರ್ ಅಂದಳು. ಕಚ್ಚಬೇಕಿತ್ತು. ಆಸ್ಪತ್ರೆಗೆ ನಾನೇ ಕರಕೊಂಡು ಹೋಗುತ್ತಿದ್ದೆ, ದಾರಿ ಗೊತ್ತು.

ಅಷ್ಟು ಜನರಲ್ಲಿ ಒಂದು ಚೊಂಬು ನೀರು ಇಟ್ಟವರಿಲ್ಲ.

ನಾನೇನು ಭಾರಿ ಸಾಚಾ ಅಲ್ಲ. ಆ ಚೀಲ ಸ್ಕೂಟರ್ ಹತ್ತಿದ್ದನ್ನ ಬಾಲ್ಕನಿಯಿಂದ ನೋಡಿದ್ದೆ. ಇನ್ನು ರಾತ್ರಿ ಕುಂಯ್‌ಗುಟ್ಟೋದು ನಿಲ್ಲುತ್ತೆ ಅಂತ ಒಳಗೆ ಬಂದು ಕಾಫಿ ಕುಡಿದಿದ್ದೆ.

ಮಧ್ಯಾಹ್ನ ಒಂದು ತಟ್ಟೆಯಲ್ಲಿ ಮುದ್ದೆ ಸಾರು ಕಲಸಿ ತಗೊಂಡು ಹೋದೆ. ಕೆಂಚಿ ಏಳಲಿಲ್ಲ, ಮರಿ ಹೊಟ್ಟೆಗೆ ಅಂಟಿಕೊಂಡು ಮಲಗಿತ್ತು. ಹತ್ತಿರ ಹೋಗೋಕೆ ಧೈರ್ಯ ಬರಲಿಲ್ಲ. ತಟ್ಟೆಯನ್ನ ಕೋಲಿನಿಂದ ತಳ್ಳಿ ಬಂದೆ.