ಒಂದೇ ಸಿನಿಮಾದ ಬಾಂಡ್: ಲೇಜನ್‌ಬಿ ಬಂದದ್ದು ಲಾಭವೋ, ನಷ್ಟವೋ?

ಜೇಮ್ಸ್ ಬಾಂಡ್ ಸಿನಿಮಾ ನೋಡುವವರ ನಡುವೆ ಐವತ್ತು ವರ್ಷ ದಾಟಿದರೂ ಮುಗಿಯದ ಜಗಳ ಒಂದಿದೆ. ಅದು 1969ರ ಡಿಸೆಂಬರ್‌ನಲ್ಲಿ ಬಂದ ‘ಆನ್ ಹರ್ ಮೆಜೆಸ್ಟೀಸ್ ಸೀಕ್ರೆಟ್ ಸರ್ವಿಸ್’ ಬಗ್ಗೆ. ಐದು ಚಿತ್ರ ಮಾಡಿ ಶಾನ್ ಕಾನರಿ ಸಾಕು ಎಂದು ಹೊರಟಿದ್ದ. ಆ ಜಾಗಕ್ಕೆ ಬಂದವನು ಆಸ್ಟ್ರೇಲಿಯಾದ ಜಾರ್ಜ್ ಲೇಜನ್‌ಬಿ. ಮೊದಲು ಕಾರು ಮಾರುತ್ತಿದ್ದ, ಆಮೇಲೆ ಜಾಹೀರಾತಿನ ಮಾಡೆಲ್ ಆದ. ಈ ಒಂದು ಚಿತ್ರ ಮಾಡಿ ಅವನೂ ಹೊರಟ. ಸಿನಿಮಾ ಚೆನ್ನಾಗಿದೆ ಅನ್ನುವುದಕ್ಕೆ ಈಗ ಜಾಸ್ತಿ ತಕರಾರಿಲ್ಲ. ತಕರಾರು ಇರುವುದು ಅವನ ಬಗ್ಗೆ. ಕೆಳಗಿನ ಎರಡೂ ಬರಹಗಳಲ್ಲಿ ಕೊನೆಯ ದೃಶ್ಯದ ಗುಟ್ಟು ಬಯಲಾಗಿದೆ. ನೋಡದವರು ನೋಡಿಕೊಂಡೇ ಬನ್ನಿ.

ಪರ: ಹೆದರಲು ಬರುವ ಬಾಂಡ್ ಬೇಕಿತ್ತು

ಕ್ರಿಸ್‌ಮಸ್ ಹೊತ್ತು. ಸ್ವಿಟ್ಜರ್ಲೆಂಡಿನ ಒಂದು ಹಳ್ಳಿ, ಎಲ್ಲೆಲ್ಲೂ ದೀಪ, ಹಾಡು, ಜನ. ಖಳನಾಯಕ ಬ್ಲೋಫೆಲ್ಡ್‌ನ ಬೆಟ್ಟದಿಂದ ರಾತ್ರೋರಾತ್ರಿ ಸ್ಕೀ ಮೇಲೆ ತಪ್ಪಿಸಿಕೊಂಡು ಬಂದ ಬಾಂಡ್ ಆ ಗದ್ದಲದೊಳಗೆ ನುಸುಳುತ್ತಾನೆ. ಹಿಂದೆ ಆಳುಗಳು ಬಿದ್ದಿದ್ದಾರೆ. ಕರಡಿ ವೇಷದವನೊಬ್ಬ ಫಕ್ಕನೆ ಎದುರು ಬಂದು ಫ್ಲ್ಯಾಶ್ ಹೊಡೆದು ಫೋಟೋ ತೆಗೆಯುತ್ತಾನೆ. ಬಾಂಡ್ ಬೆಚ್ಚಿಬೀಳುತ್ತಾನೆ. ಹೋಗಿ ಸ್ಕೇಟಿಂಗ್ ಅಂಗಳದ ಬದಿಯಲ್ಲಿ ಕುಸಿದು ಕೂರುತ್ತಾನೆ. ತಲೆ ಎತ್ತುವ ಧೈರ್ಯವೂ ಇಲ್ಲ. ಸ್ಕೇಟ್ ಕಟ್ಟಿದ ಎರಡು ಕಾಲು ಜಾರಿಕೊಂಡು ಬಂದು ಅವನ ಮುಂದೆ ನಿಲ್ಲುತ್ತವೆ. ಕ್ಯಾಮೆರಾ ಮೇಲೇರುತ್ತದೆ. ಟ್ರೇಸಿ, ಅವನು ಪ್ರೀತಿಸುವ ಹುಡುಗಿ!

ಆ ಹೊತ್ತಿನ ಲೇಜನ್‌ಬಿಯ ಮುಖ ನೋಡಿ. ಜಾತ್ರೆಯಲ್ಲಿ ಅಪ್ಪನ ಕೈ ತಪ್ಪಿದ ಹುಡುಗನ ಮುಖ ಅದು. ಕಾನರಿ ಆ ಬೆಂಚಿನ ಮೇಲೆ ಕೂತಿದ್ದರೆ ನಾವು ಆರಾಮಾಗಿ ಇರುತ್ತಿದ್ದೆವು. ಅವನಿಗೆ ಏನೂ ಆಗಲ್ಲ ಎಂದು ನಮಗೂ ಗೊತ್ತು, ಅವನಿಗೂ ಗೊತ್ತು. ಈ ಕಥೆಗೆ ಅಂಥವನು ಬೇಡ. ಇದು ಬಾಂಡ್ ಸೋಲುವ ಕಥೆ. ಪ್ರೀತಿಸುತ್ತಾನೆ, ಮದುವೆಯಾಗುತ್ತಾನೆ, ಮದುವೆಯ ದಿನವೇ ಹೆಂಡತಿಯನ್ನು ಕಳೆದುಕೊಳ್ಳುತ್ತಾನೆ. ಸೋಲಬಹುದು ಅನ್ನಿಸುವ ಮನುಷ್ಯ ಬೇಕಿತ್ತು. 29 ವರ್ಷದ, ಅದುವರೆಗೆ ಒಂದು ಸಿನಿಮಾದಲ್ಲೂ ನಟಿಸದ ಲೇಜನ್‌ಬಿ ಅದಕ್ಕೆ ಹೇಳಿ ಮಾಡಿಸಿದ ಹಾಗಿದ್ದ.

ನಿರ್ದೇಶಕ ಪೀಟರ್ ಹಂಟ್ ಕೂಡ ಹೊಸಬನೇ. ಹಿಂದಿನ ಬಾಂಡ್ ಚಿತ್ರಗಳಿಗೆ ಎಡಿಟರ್ ಆಗಿದ್ದವನಿಗೆ ಇದು ಮೊದಲ ನಿರ್ದೇಶನ. ಇದರ ಹಿಂದಿನ, 1967ರ ಬಾಂಡ್ ಚಿತ್ರದಲ್ಲಿ ಜ್ವಾಲಾಮುಖಿಯೊಳಗೆ ರಾಕೆಟ್ ನಿಲ್ದಾಣ ಇತ್ತು. ಹಂಟ್ ಅದನ್ನೆಲ್ಲ ಪಕ್ಕಕ್ಕಿಟ್ಟು ಬಾಂಡ್ ಕಥೆಗಾರ ಫ್ಲೆಮಿಂಗ್‌ನ 1963ರ ಕಾದಂಬರಿಗೆ ಹತ್ತಿರವಾಗಿ ಹೋದ. ಬಾಂಡ್ ಕೈಗೆ ಸಿಗುವ ಯಂತ್ರ ಅಂದರೆ ತಿಜೋರಿ ತೆಗೆದು ಕಾಗದ ನಕಲು ಮಾಡುವ ದೊಡ್ಡ ಪೆಟ್ಟಿಗೆ ಒಂದೇ. ಮಿಕ್ಕಿದ್ದೆಲ್ಲ ಮೈ ಮೇಲೆ. ಮೈ ವಿಷಯದಲ್ಲಿ ಲೇಜನ್‌ಬಿಗೆ ಯಾರ ಹಂಗೂ ಇರಲಿಲ್ಲ. ಸ್ಕ್ರೀನ್ ಟೆಸ್ಟ್‌ನಲ್ಲಿ ಎದುರಿಗಿದ್ದ ಕುಸ್ತಿಪಟುವಿನ ಮೂಗಿಗೆ ನಿಜವಾಗಿಯೂ ಗುದ್ದಿಬಿಟ್ಟ! ಶುರುವಿನ ಸಮುದ್ರದಂಡೆಯ ಹೊಡೆದಾಟ ಇವತ್ತಿಗೂ ಹಳತು ಅನ್ನಿಸುವುದಿಲ್ಲ.

ಸ್ಕೀ ದೃಶ್ಯಗಳ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ನಾನು ಎರಡೇ ಮಾತು ಹೇಳುತ್ತೇನೆ. ಸ್ಕೀ ಪಟು ವಿಲಿ ಬೋಗ್ನರ್ ಕ್ಯಾಮೆರಾ ಕೈಯಲ್ಲಿ ಹಿಡಿದು ಹಿಮ್ಮುಖವಾಗಿ ಸ್ಕೀ ಮಾಡುತ್ತಾ ಶೂಟ್ ಮಾಡಿದ. ಹಿಂದಿನ ಬಾಂಡ್ ಚಿತ್ರದ ವೇಳೆ ಹೆಲಿಕಾಪ್ಟರ್ ಅವಘಡದಲ್ಲಿ ಪಾದ ಕಳೆದುಕೊಂಡಿದ್ದ ಕ್ಯಾಮೆರಾಮನ್ ಜಾನಿ ಜೋರ್ಡನ್ ಈ ಸಲ ಹೆಲಿಕಾಪ್ಟರ್ ಕೆಳಗೆ ತೂಗಾಡುತ್ತಾ ಶೂಟ್ ಮಾಡಿದ. ಕಂಪ್ಯೂಟರ್ ಇಲ್ಲದ ಕಾಲ ಅದು.

ಇನ್ನು ಟ್ರೇಸಿಯ ಪಾತ್ರ ಮಾಡಿದ ಡಯಾನಾ ರಿಗ್. ‘ದಿ ಅವೆಂಜರ್ಸ್’ ಟಿ.ವಿ. ಸರಣಿಯಿಂದ ಆಗಲೇ ಮನೆಮಾತಾಗಿದ್ದಳು. ಹೀರೋ ಹೊಸಬ, ಎದುರಿಗೆ ಪಳಗಿದವಳು ಇರಲಿ ಎಂದೇ ಆಕೆಯನ್ನು ತಂದದ್ದು. ಅದರಿಂದ ಆದದ್ದೇನು? ಬಾಂಡ್ ಚಿತ್ರದಲ್ಲಿ ಮೊದಲ ಸಲ ಒಬ್ಬ ಹೆಣ್ಣು ಅವನ ಸರಿಸಮಕ್ಕೆ ನಿಂತಳು. ಮಂಜಿನ ಮೇಲೆ ಕಾರು ಓಡಿಸಿ ಅವನನ್ನು ಉಳಿಸುವವಳು ಆಕೆಯೇ. ದೊಡ್ಡ ಹೀರೋ ಇದ್ದಿದ್ದರೆ ಆಕೆಗೆ ಅಷ್ಟು ಜಾಗ ಸಿಗುತ್ತಿತ್ತೇ? ನನಗಂತೂ ನಂಬಿಕೆ ಇಲ್ಲ.

ಕೊನೆಗೆ ಆ ಕಾರು. ಹೂಮಾಲೆ ತೆಗೆಯಲು ರಸ್ತೆ ಬದಿಗೆ ನಿಲ್ಲಿಸುತ್ತಾನೆ. ಗುಂಡಿನ ಸದ್ದು. ಬೈಕಿನಲ್ಲಿ ಬಂದ ಪೊಲೀಸನಿಗೆ ಬಾಂಡ್ ಹೇಳುತ್ತಾನೆ: ಏನಿಲ್ಲ, ಅವಳು ಸ್ವಲ್ಪ ಸುಧಾರಿಸಿಕೊಳ್ಳುತ್ತಿದ್ದಾಳೆ, ಈಗ ಹೊರಡುತ್ತೇವೆ, ಅವಸರವೇನಿಲ್ಲ. ಮೊದಲ ಟೇಕ್‌ನಲ್ಲಿ ಲೇಜನ್‌ಬಿ ಅತ್ತುಬಿಟ್ಟನಂತೆ. ಬಾಂಡ್ ಅಳಬಾರದು ಎಂದು ಹಂಟ್ ಮತ್ತೆ ತೆಗೆಸಿದನಂತೆ. ಲೇಜನ್‌ಬಿಯೇ ಹೇಳಿಕೊಂಡ ಮಾತು. ನಾವು ನೋಡುವುದು ಅಳು ನುಂಗಿದ ಆ ಎರಡನೆಯ ಮುಖವನ್ನು. 1981ರ ಬಾಂಡ್ ಚಿತ್ರದಲ್ಲಿ ಆಗಿನ ಬಾಂಡ್ ರೋಜರ್ ಮೂರ್ ಟ್ರೇಸಿಯ ಸಮಾಧಿಯ ಮುಂದೆ ಹೂವು ಹಿಡಿದು ನಿಂತಾಗ ನನಗೆ ನೆನಪಾದದ್ದು ಆ ಮುಖವೇ.

ಪ್ರೀಮಿಯರ್‌ಗೆ ಗಡ್ಡ, ಉದ್ದ ಕೂದಲು ಬಿಟ್ಟು ಬಂದ, ಇನ್ನು ಬಾಂಡ್ ಮಾಡಲ್ಲ ಅಂದ. ದಡ್ಡತನ, ಒಪ್ಪುತ್ತೇನೆ. ಆದರೆ ಅದು ಪರದೆಯ ಆಚೆಗಿನ ಮಾತು.

ವಿರೋಧ: ಬಾರದ್ದಕ್ಕೆ ಮುಗ್ಧತೆ ಎಂದು ಹೆಸರಿಡಬೇಡಿ

ಸ್ಕೇಟಿಂಗ್ ದೃಶ್ಯ ಚೆನ್ನಾಗಿದೆ. ಯಾಕೆ ಗೊತ್ತಾ? ಟ್ರೇಸಿ ಬರುವ ತನಕ ಲೇಜನ್‌ಬಿ ಬಾಯೇ ತೆರೆಯುವುದಿಲ್ಲ. ಅಲ್ಲಿ ಕೆಲಸ ಮಾಡಿದ್ದು ಕರಡಿ ವೇಷ, ಫ್ಲ್ಯಾಶ್, ಕಟ್ಟಿಂಗ್. ಹಂಟ್ ಮೂಲತಃ ಎಡಿಟರ್ ತಾನೇ? ನಟನಿಗೆ ಬಾರದ್ದನ್ನು ಕತ್ತರಿಯಲ್ಲಿ ಹೇಗೆ ಮುಚ್ಚಬೇಕು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಬಾಯಿ ತೆರೆದಾಗ ಏನಾಗುತ್ತದೆ, ಅದನ್ನು ನೋಡೋಣ. ಬಾಂಡ್ ಸರ್ ಹಿಲರಿ ಬ್ರೇ ಎಂಬ ವಂಶಾವಳಿ ತಜ್ಞನ ವೇಷದಲ್ಲಿ ಬ್ಲೋಫೆಲ್ಡ್‌ನ ಬೆಟ್ಟಕ್ಕೆ ಹೋಗುತ್ತಾನೆ. ಸಿನಿಮಾದ ನಡುವಿನ ಮುಖ್ಯ ಭಾಗ ಅದು. ಅಲ್ಲಿ ಕೇಳುವ ದನಿ ಲೇಜನ್‌ಬಿಯದಲ್ಲ! ಅಸಲಿ ಹಿಲರಿಯ ಪಾತ್ರ ಮಾಡಿದ ಜಾರ್ಜ್ ಬೇಕರ್ ಕಂಠದಾನ ಮಾಡಿದ್ದಾನೆ. ವೇಷ ಹಾಕಿದವನು ದನಿ ಬದಲಿಸಿ ಮಾತಾಡಬೇಕು, ಅಷ್ಟೇ. ಅದನ್ನೂ ಇನ್ನೊಬ್ಬರ ಕೈಲಿ ಮಾಡಿಸಬೇಕಾಯಿತು. ಅರ್ಧ ನಟನೆ ದನಿಯಲ್ಲಿರುತ್ತದೆ. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಸಿನಿಮಾಕ್ಕಿಂತ ಒಂದು ವರ್ಷ ಮೊದಲು, 1968ರಲ್ಲಿ, ದೊರೈ-ಭಗವಾನ್ ‘ಜೇಡರ ಬಲೆ’ ಮಾಡಿ ಅಣ್ಣಾವ್ರನ್ನು ಸಿ.ಐ.ಡಿ. 999 ಮಾಡಿದ್ದರು. ಬಾಂಡ್ ಚಿತ್ರದ ದುಡ್ಡು ಅಲ್ಲಿರಲಿಲ್ಲ. ಆದರೆ ಕಂಪನಿ ನಾಟಕದಲ್ಲಿ ಪಳಗಿದ ದನಿ ಇತ್ತು. ಸೆಟ್ ಬಡವಾದರೂ ಮಾತು ಬಡವಾಗಲಿಲ್ಲ. ಲೇಜನ್‌ಬಿಯದು ಪೂರ್ತಿ ತಿರುವುಮುರುವು. ಆಲ್ಪ್ಸ್‌ನ 2970 ಮೀಟರ್ ಎತ್ತರದ ಶಿಲ್ಟ್‌ಹಾರ್ನ್ ಬೆಟ್ಟದ ತುದಿ, ಸುತ್ತುವ ರೆಸ್ಟೋರೆಂಟು, ಜಾನ್ ಬ್ಯಾರಿಯ ಸಂಗೀತ, ಎಲ್ಲ ಇದೆ. ನಡುವೆ ನಿಂತವನ ಮಾತು ಮಾತ್ರ ಚಪ್ಪೆ.

ಮಂಜುಗಾಳಿಯ ರಾತ್ರಿ ಇಬ್ಬರೂ ಒಂದು ಹುಲ್ಲಿನ ಕೊಟ್ಟಿಗೆಯಲ್ಲಿ ತಂಗುವ ದೃಶ್ಯವನ್ನು ಇನ್ನೊಮ್ಮೆ ನೋಡಿ. ಬೇರೇನಾದರೂ ಕೆಲಸ ನೋಡಿಕೊಳ್ಳುತ್ತೇನೆ, ನನ್ನನ್ನು ಮದುವೆ ಆಗ್ತೀಯಾ ಎಂದು ಬಾಂಡ್ ಕೇಳುತ್ತಾನೆ. ಬಾಂಡ್ ಚಿತ್ರಗಳಲ್ಲೇ ದೊಡ್ಡ ಮಾತು ಅದು. ಲೇಜನ್‌ಬಿ ಅದನ್ನು ಪಾಠ ಒಪ್ಪಿಸಿದ ಹಾಗೆ ಹೇಳುತ್ತಾನೆ. ಈಗ ರಿಗ್ ಮುಖ ನೋಡಿ. ನಂಬಬೇಕೋ ಬೇಡವೋ ಎಂಬ ಅನುಮಾನ, ಸಣ್ಣ ನಗು, ಎಲ್ಲ ಆಕೆಯ ಕಣ್ಣಲ್ಲೇ ಬಂದುಹೋಗುತ್ತದೆ. ದೃಶ್ಯ ಉಳಿದದ್ದು ಅಲ್ಲಿ. ಹೊಸಬ ಜಾಗ ಬಿಟ್ಟುಕೊಟ್ಟಿದ್ದರಿಂದ ಆಕೆ ಬೆಳಗಿದಳು ಅನ್ನುತ್ತಾರೆ. ತಂಬೂರಿ ಮೀಟುತ್ತಾ ಕೂತವನನ್ನು ಜುಗಲ್‌ಬಂದಿಗೆ ಕೂತವನು ಅಂತೀವಾ?

ಅವರ ಪ್ರೀತಿ ಬೆಳೆದದ್ದಾದರೂ ಹೇಗೆ? ಒಂದು ಹಾಡಿನಲ್ಲಿ. ಲೂಯಿ ಆರ್ಮ್‌ಸ್ಟ್ರಾಂಗ್ ಹಾಡುತ್ತಾನೆ, ಇವರು ಕುದುರೆ ಹತ್ತುತ್ತಾರೆ, ಕೈ ಹಿಡಿದು ಓಡಾಡುತ್ತಾರೆ, ಉಂಗುರದ ಅಂಗಡಿ ನೋಡುತ್ತಾರೆ. ಹಾಡು ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಬ್ಬರನ್ನು ಎದುರುಬದುರು ಕೂರಿಸಿ ಮಾತಾಡಿಸಿ ಪ್ರೀತಿ ಹುಟ್ಟಿಸುವ ಧೈರ್ಯ ಹಂಟ್‌ಗೆ ಬರಲಿಲ್ಲ. ಹಾಗಾಗಿ ಆ ಕೆಲಸ ಆರ್ಮ್‌ಸ್ಟ್ರಾಂಗ್‌ನ ಗಂಟಲಿಗೆ ಬಿತ್ತು.

ಸಿನಿಮಾಕ್ಕೇ ತನ್ನ ಹೀರೋ ಮೇಲೆ ನಂಬಿಕೆ ಇಲ್ಲ. ಮೊದಲ ಹೊಡೆದಾಟ ಮುಗಿದು ಹುಡುಗಿ ಕಾರು ಹತ್ತಿ ಹೋದ ಮೇಲೆ, ಆ ಇನ್ನೊಬ್ಬನಿಗೆ ಯಾವತ್ತೂ ಹೀಗಾಗಿರಲಿಲ್ಲ ಎಂದು ಬಾಂಡ್ ಗೊಣಗುತ್ತಾನೆ. ತಮಾಷೆ ಸರಿ. ಅದರ ಹಿಂದೆಯೇ ಟೈಟಲ್‌ನಲ್ಲಿ ಕಾನರಿ ಚಿತ್ರಗಳ ತುಣುಕುಗಳು. ಆಮೇಲೆ ಆಫೀಸಿನ ಡ್ರಾಯರ್‌ನಿಂದ ಹಳೆಯ ಚಿತ್ರಗಳ ಚಾಕು, ಗಡಿಯಾರ ಒಂದೊಂದೇ ಹೊರಗೆ. ಹೊಸ ಅಳಿಯನನ್ನು ಕೂರಿಸಿಕೊಂಡು ಹಳೆಯ ಅಳಿಯನ ಆಲ್ಬಮ್ ತಿರುವಿಹಾಕಿದ ಹಾಗಾಯಿತು. ಲೇಜನ್‌ಬಿಯೂ ಕಡಿಮೆಯೇನಲ್ಲ. ಪಾತ್ರ ಕೇಳಲು ಹೋಗುವಾಗ ಕಾನರಿಯ ಕ್ಷೌರಿಕನ ಹತ್ತಿರ ಕೂದಲು ಕತ್ತರಿಸಿಕೊಂಡು, ಕಾನರಿಯ ದರ್ಜಿ ಹೊಲಿದ ಸೂಟು ಹಾಕಿಕೊಂಡು ಹೋದವನು.

ಬ್ಲೋಫೆಲ್ಡ್ ಪಾತ್ರದ ಟೆಲ್ಲಿ ಸವಾಲಸ್ ನನಗೆ ಇಷ್ಟ. ಬೋಳುತಲೆ, ಸಿಗರೇಟು ಹಿಡಿಯುವ ಆ ಗತ್ತು, ತಾನೇ ಸ್ಕೀ ಕಟ್ಟಿಕೊಂಡು ಬೆನ್ನಟ್ಟುವ ಹುರುಪು. ಅಂದಹಾಗೆ, ಹಿಂದಿನ ಚಿತ್ರದಲ್ಲಿ ಬಾಂಡ್‌ನನ್ನು ಎದುರಿಗೇ ಕಂಡ ಬ್ಲೋಫೆಲ್ಡ್ ಇಲ್ಲಿ ಗುರುತೇ ಹಿಡಿಯುವುದಿಲ್ಲ. ಬಾಂಡ್ ಮುಖವೂ ಬೇರೆ, ಬ್ಲೋಫೆಲ್ಡ್ ಮುಖವೂ ಬೇರೆ, ಪಾಪ ಅವನಾದರೂ ಏನು ಮಾಡಿಯಾನು!

ಕೊನೆಯ ದೃಶ್ಯಕ್ಕೆ ನನಗೂ ಗಂಟಲು ಕಟ್ಟುತ್ತದೆ, ಸುಳ್ಳು ಯಾಕೆ ಹೇಳಲಿ. ಗಾಜಿನ ಮೇಲಿನ ಆ ಗುಂಡಿನ ತೂತು ಕಣ್ಣಿಂದ ಹೋಗುವುದಿಲ್ಲ. ಅಲ್ಲಿ ಲೇಜನ್‌ಬಿಯೂ ಸರಿಯಾಗಿಯೇ ಇದ್ದಾನೆ. ಆದರೆ ಅದು ಒಂದೆರಡು ನಿಮಿಷ. ಸಿನಿಮಾ ಇರುವುದು 142 ನಿಮಿಷ.

ಹಾಗಾದರೆ ಕಾನರಿಯೇ ಬೇಕಿತ್ತಾ? ಅದೂ ಬೇಡ. ಹಿಂದಿನ ಚಿತ್ರದ ಹೊತ್ತಿಗೇ ಅವನಿಗೆ ಬೇಸರ ಬಂದಿದ್ದು ಮುಖದಲ್ಲಿ ಕಾಣುತ್ತದೆ. ಆಗಲೇ ಟಿಮೊಥಿ ಡಾಲ್ಟನ್ ಹೆಸರೂ ಓಡಾಡಿತ್ತು. ಇಪ್ಪತ್ತರ ಹರೆಯದ ತಾನು ಈ ಪಾತ್ರಕ್ಕೆ ತೀರಾ ಚಿಕ್ಕವನು ಎಂದು ಅವನೇ ಹಿಂದೆ ಸರಿದನಂತೆ. ಕೊನೆಗೆ ಅವನು ಬಾಂಡ್ ಆಗಿ ಬಂದದ್ದು 1987ರಲ್ಲಿ. ಅವನ ಎರಡು ಬಾಂಡ್ ಚಿತ್ರ ನೋಡಿದವರು ಒಮ್ಮೆ ಕಣ್ಣು ಮುಚ್ಚಿ, ಕೊಟ್ಟಿಗೆಯ ಆ ಮಾತನ್ನು ಡಾಲ್ಟನ್ ದನಿಯಲ್ಲಿ ಕೇಳಿಸಿಕೊಳ್ಳಿ. ಎದುರಿಗೆ ಅದೇ ರಿಗ್ ಇರಲಿ.